ಬ್ರೇಕಿನ ಪೆಡಲು: ಪಾದ ಅಳೆಯುವುದು ಏನನ್ನು?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ತನ್ನ ಹಳೆಯ ಹುಣಸೆ ತೋಪಿನಿಂದ ಹೆಸರಾದ ಊರು. 2007ರಲ್ಲಿ ಈ ತೋಪು ಭಾರತದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಊರಿನ ಒಂದು ಬದಿಗೆ 2008ರ ಮೇ ತಿಂಗಳಲ್ಲಿ ಆರಂಭವಾದ ವಿಮಾನ ನಿಲ್ದಾಣವಿದೆ. ಇನ್ನೊಂದು ಬದಿಗೆ ಹೊಸಕೋಟೆ. ಅಲ್ಲಿ ವೋಲ್ವೊ ಸಂಸ್ಥೆ 1998ರಲ್ಲಿ ಲಾರಿಗಳ ಕಾರ್ಖಾನೆ ತೆರೆಯಿತು. ವಿಮಾನ ಇಳಿಯುವ ಕಡೆ, ಸರಕು ತುಂಬಿದ ಲಾರಿ ಓಡುವ ಕಡೆ, ಎರಡೂ ಕಡೆ ಭೌತವಿಜ್ಞಾನಕ್ಕಿರುವ ಪ್ರಶ್ನೆ ಒಂದೇ: ಓಡುತ್ತಿರುವ ದ್ರವ್ಯರಾಶಿಯ ಚಲನಶಕ್ತಿಯನ್ನು ಎಷ್ಟು ದೂರದಲ್ಲಿ, ಎಷ್ಟು ಹತೋಟಿಯಿಂದ ಶಾಖವಾಗಿ ಪರಿವರ್ತಿಸುವುದು?

ಇದು ಸಣ್ಣ ಪ್ರಶ್ನೆಯಲ್ಲ. 60 ಟನ್ ತೂಕದ ವಿಮಾನವೊಂದು ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ನೆಲ ಮುಟ್ಟಿತೆನ್ನಿ. ಅದರ ಚಲನಶಕ್ತಿ ಸುಮಾರು 147 ಮೆಗಾಜೂಲ್. ಇಷ್ಟು ಶಕ್ತಿಯಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಸುಮಾರು 470 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಗಾಳಿಯ ತಡೆ ಮತ್ತು ಎಂಜಿನ್ನಿನ ಹಿಮ್ಮುಖ ನೂಕು ಇದರಲ್ಲಿ ಒಂದು ಪಾಲನ್ನು ಹೊರುತ್ತವೆ. ಉಳಿದದ್ದು ಬ್ರೇಕಿನ ಪಾಲು. ಅದನ್ನು ನಿಯಂತ್ರಿಸುವುದು ಮನುಷ್ಯನ ಪಾದ.

ಈಗ ಇದೇ ಪಾದಕ್ಕೆ ಮನೆಯೊಳಗೂ ಕೆಲಸ ಬಂದಿದೆ. ಕಂಪ್ಯೂಟರಿನ ಪರದೆಯ ಮುಂದೆ ಸ್ಟಿಯರಿಂಗ್ ಚಕ್ರ ಮತ್ತು ಪೆಡಲುಗಳನ್ನಿಟ್ಟುಕೊಂಡು ಆಡುವ ಕಾರು ಓಟವನ್ನು ಸಿಮ್ ರೇಸಿಂಗ್ ಎನ್ನುತ್ತಾರೆ. ಈ ಆಟದಲ್ಲಿ ಕೈ ಪಳಗಿದವರೆಲ್ಲ ಒಪ್ಪುವ ಮಾತೊಂದಿದೆ. ವೇಗವಾಗಿ ಓಡಿಸುವುದನ್ನು ಬೇಗ ಕಲಿಯಬಹುದು, ಬ್ರೇಕು ಹಾಕುವುದನ್ನು ಕಲಿಯಲು ಬಹಳ ಕಾಲ ಬೇಕು. ಇದಕ್ಕೆ ಕಾರಣವನ್ನು ಆಟದೊಳಗೆ ಮಾತ್ರ ಹುಡುಕಿದರೆ ಸಾಲದು. ಕಳೆದ ನೂರು ವರ್ಷಗಳಲ್ಲಿ ಬ್ರೇಕಿನ ಪೆಡಲು ಹೇಗೆ ಬದಲಾಯಿತು, ಅದು ಪಾದಕ್ಕೆ ಯಾವ ಸುದ್ದಿಯನ್ನು ಮುಟ್ಟಿಸುತ್ತ ಬಂದಿತು ಎಂಬ ಚರಿತ್ರೆಯಲ್ಲಿ ಅದನ್ನು ಹುಡುಕಬೇಕು.

ಸನ್ನೆಯಿಂದ ದ್ರವಕ್ಕೆ

ಬ್ರೇಕಿನ ಆಧಾರ ಘರ್ಷಣೆ. ಘರ್ಷಣ ಬಲವು ಮೇಲ್ಮೈಗಳನ್ನು ಒತ್ತಿ ಹಿಡಿದ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಫ್ರಾನ್ಸಿನ ಅಮೊಂಟನ್ 1699ರಲ್ಲಿ ಮಂಡಿಸಿದ. ಚಾರ್ಲ್ಸ್ ಕೂಲಂ 1780ರ ದಶಕದಲ್ಲಿ ವಿಸ್ತಾರವಾದ ಪ್ರಯೋಗಗಳಿಂದ ಅದನ್ನು ಗಟ್ಟಿ ಮಾಡಿದ. ಈ ನಿಯಮದಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬ್ರೇಕು ಎಷ್ಟು ಹಿಡಿಯುತ್ತದೆ ಎಂಬುದನ್ನು ನಿರ್ಧರಿಸುವುದು ಒತ್ತುವ ಬಲ. ಪೆಡಲು ಎಷ್ಟು ದೂರ ಸರಿಯಿತು ಎಂಬುದಕ್ಕೆ ಅಲ್ಲಿ ಸ್ಥಾನವೇ ಇಲ್ಲ.

ಮೊದಲ ಕಾರುಗಳಲ್ಲಿ ಚಾಲಕನ ಬಲ ಕಬ್ಬಿಣದ ಸರಳು ಮತ್ತು ತಂತಿಗಳ ಮೂಲಕ ಚಕ್ರಗಳನ್ನು ತಲಪುತ್ತಿತ್ತು. ತಂತಿ ಒಂದು ಕಡೆ ಸಡಿಲಿದರೆ ಒಂದು ಚಕ್ರ ಹೆಚ್ಚು, ಇನ್ನೊಂದು ಕಡಿಮೆ ಹಿಡಿದು ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಇದಕ್ಕೆ ಪರಿಹಾರ ದೊರೆತದ್ದು ಪಾಸ್ಕಲ್‌ನ ನಿಯಮದಿಂದ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮವಾಗಿ ಹರಡುತ್ತದೆ. 17ನೇ ಶತಮಾನದ ಈ ನಿಯಮವನ್ನು ಕಾರಿನ ಬ್ರೇಕಿಗೆ ಅಳವಡಿಸಿ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪೇಟೆಂಟ್ ಪಡೆದ. 1921ರಲ್ಲಿ ಡ್ಯೂಸೆನ್‌ಬರ್ಗ್ ಸಂಸ್ಥೆ ನಾಲ್ಕು ಚಕ್ರಗಳಿಗೂ ದ್ರವಚಾಲಿತ ಬ್ರೇಕುಳ್ಳ ಕಾರನ್ನು ಮಾರುಕಟ್ಟೆಗೆ ತಂದಿತು.

ಇದರ ಲೆಕ್ಕವನ್ನು ಪಿಯುಸಿ ವಿದ್ಯಾರ್ಥಿಗಳು ಸುಲಭವಾಗಿ ಮಾಡಬಲ್ಲರು. ಪಾದದ ಬಲ 200 ನ್ಯೂಟನ್. ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಹೆಚ್ಚಿಸಿ 1000 ನ್ಯೂಟನ್ ಮಾಡುತ್ತದೆ. ಈ ಬಲ 4 ಚದರ ಸೆಂಟಿಮೀಟರ್ ವಿಸ್ತೀರ್ಣದ ಕೊಂತದ ಮೇಲೆ ಬಿದ್ದಾಗ ದ್ರವದ ಒತ್ತಡ 25 ಲಕ್ಷ ಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ಸುಮಾರು 25 ಪಟ್ಟು. ಚಕ್ರದ ಬಳಿ 20 ಚದರ ಸೆಂಟಿಮೀಟರ್‌ನ ಕೊಂತವಿದ್ದರೆ ಅಲ್ಲಿ ದೊರೆಯುವ ಬಲ 5000 ನ್ಯೂಟನ್. ಬ್ರೇಕ್ ಪ್ಯಾಡು ಡಿಸ್ಕನ್ನು ಮುಟ್ಟುವವರೆಗೆ ಪೆಡಲು ಹಗುರವಾಗಿ ಸರಿಯುತ್ತದೆ. ಮುಟ್ಟಿದ ಮೇಲೆ ಪೆಡಲು ಹೆಚ್ಚು ಸರಿಯುವುದಿಲ್ಲ, ಬಲ ಮಾತ್ರ ಏರುತ್ತದೆ. ದ್ರವವನ್ನು ಕುಗ್ಗಿಸಲು ಹೆಚ್ಚುಕಡಿಮೆ ಸಾಧ್ಯವಿಲ್ಲದ ಕಾರಣ ಪಾದ ಒತ್ತಿದಷ್ಟೇ ಬಲದಿಂದ ಪೆಡಲು ಪಾದವನ್ನು ಮರಳಿ ಒತ್ತುತ್ತದೆ. ಚಾಲಕನಿಗೆ ಬ್ರೇಕಿನ ಸ್ಥಿತಿ ತಿಳಿಯುವುದು ಈ ಮರುಬಲದಿಂದ.

1953ರ ಲ ಮಾನ್ 24 ಗಂಟೆಗಳ ಓಟವನ್ನು ಜಾಗ್ವಾರ್ ಕಾರು ಗೆದ್ದದ್ದರಲ್ಲಿ ಅದಕ್ಕೆ ಅಳವಡಿಸಿದ್ದ ಡನ್‌ಲಪ್ ಡಿಸ್ಕ್ ಬ್ರೇಕಿನ ಪಾತ್ರ ದೊಡ್ಡದು. ತೆರೆದ ಡಿಸ್ಕು ಬೇಗ ತಣಿಯುತ್ತದೆ, ಆದ್ದರಿಂದ ಗಂಟೆಗಟ್ಟಲೆ ಓಡಿದ ಮೇಲೂ ಬ್ರೇಕು ಸೋಲುವುದಿಲ್ಲ. ಇನ್ನೊಂದು ಲಾಭವೂ ಇತ್ತು. ಹಳೆಯ ಡ್ರಮ್ ಬ್ರೇಕಿನಲ್ಲಿ ತಿರುಗುವ ಡ್ರಮ್ಮೇ ಶೂವನ್ನು ಒಳಕ್ಕೆಳೆದು ಬಲವನ್ನು ತಾನಾಗಿ ಹೆಚ್ಚಿಸುತ್ತದೆ. ಡಿಸ್ಕಿನಲ್ಲಿ ಹಾಗಿಲ್ಲ, ಒತ್ತಿದ ಬಲಕ್ಕೆ ತಕ್ಕಷ್ಟು ಹಿಡಿತ ದೊರೆಯುತ್ತದೆ. ಪಾದದ ಲೆಕ್ಕ ನೇರವಾಯಿತು.

ಹಗುರವಾದ ಪೆಡಲು, ಕಳೆದುಹೋದ ಸುದ್ದಿ

ಆದರೆ ವಾಹನಗಳ ತೂಕ ಏರಿದಂತೆ ಪಾದದ ಬಲ ಸಾಲದಾಯಿತು. ರೈಲಿನಲ್ಲಿ ಈ ತೊಡಕು ಮೊದಲೇ ಎದುರಾಗಿತ್ತು. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಸಂಪೀಡಿತ ಗಾಳಿಯ ಬ್ರೇಕಿಗೆ ಪೇಟೆಂಟ್ ಪಡೆದ. ಅಲ್ಲಿ ಚಾಲಕ ಬಲ ಕೊಡುವುದಿಲ್ಲ, ಕವಾಟವನ್ನು ತೆರೆಯುತ್ತಾನೆ ಅಷ್ಟೆ. ಇಂದಿನ ಲಾರಿ ಬಸ್ಸುಗಳದ್ದೂ ಗಾಳಿಯ ಬ್ರೇಕೇ. ಕಾರುಗಳಿಗೆ 1920ರ ದಶಕದಲ್ಲಿ ಎಂಜಿನ್ನಿನ ನಿರ್ವಾತವನ್ನು ಬಳಸುವ ಸಹಾಯಕ ಸಾಧನ ಬಂದಿತು.

ಪಾದದ ಶ್ರಮ ಇಳಿದಾಗ ಅದರ ಜೊತೆಗೇ ಪಾದಕ್ಕೆ ಬರುತ್ತಿದ್ದ ಸುದ್ದಿಯೂ ಕಡಿಮೆಯಾಗುತ್ತದೆ. ಕೇವಲ ಕವಾಟ ತೆರೆಯುವ ಪೆಡಲು ನೀರಿನ ನಲ್ಲಿಯಂತೆ; ಆಚೆ ಎಷ್ಟು ಒತ್ತಡ ಏರಿದೆ ಎಂದು ಪಾದಕ್ಕೆ ತಿಳಿಯದು. ಎಂಜಿನಿಯರರು ಇದನ್ನು ಬಲ್ಲವರಾಗಿದ್ದರು. ಲಾರಿಯ ಪಾದ ಕವಾಟದೊಳಗೆ ಒಂದು ಕೊಂತವಿದೆ. ಅದರ ಮೇಲೊಂದು ಸ್ಪ್ರಿಂಗು, ಅನೇಕ ಮಾದರಿಗಳಲ್ಲಿ ರಬ್ಬರಿನದು. ಪಾದ ಸ್ಪ್ರಿಂಗನ್ನು ಮೇಲಿನಿಂದ ಒತ್ತುತ್ತದೆ, ಬ್ರೇಕಿಗೆ ಹೋಗುವ ಗಾಳಿ ಕೊಂತವನ್ನು ಕೆಳಗಿನಿಂದ ಒತ್ತುತ್ತದೆ. ಎರಡೂ ಸಮವಾದಾಗ ಕವಾಟ ಮುಚ್ಚಿಕೊಂಡು ಒತ್ತಡ ಅಲ್ಲಿಗೇ ನಿಲ್ಲುತ್ತದೆ. ಹೀಗೆ ಪಾದದ ಬಲಕ್ಕೂ ಗಾಳಿಯ ಒತ್ತಡಕ್ಕೂ ಮತ್ತೆ ನಂಟು ಕಟ್ಟಲಾಯಿತು. ಬೆಂಗಳೂರಿನಿಂದ ಮಂಗಳೂರಿಗೆ ಶಿರಾಡಿ ಘಾಟಿ ಇಳಿಯುವ ಲಾರಿಯ ಚಾಲಕ ತನ್ನ ಬ್ರೇಕನ್ನು ಅಳತೆಯಲ್ಲಿಡುವುದು ಈ ರಬ್ಬರ್ ತುಣುಕಿನ ನೆರವಿನಿಂದಲೇ. ಈ ತುಣುಕು ಮುಂದೆ ಸಿಮ್ ರೇಸಿಂಗಿನಲ್ಲಿಯೂ ಕಾಣಿಸಿಕೊಳ್ಳುತ್ತದೆ.

ವಿಮಾನ ಕಲಿಸಿದ ಪಾಠ

ಕೃತಕ ಸ್ಪರ್ಶದ ಪ್ರಶ್ನೆಯನ್ನು ಹೆಚ್ಚು ಆಳವಾಗಿ ಎದುರಿಸಿದ್ದು ವಿಮಾನಶಾಸ್ತ್ರ. ಅಮೆರಿಕದ ಎಡ್ವಿನ್ ಲಿಂಕ್ ತನ್ನ ತಂದೆಯ ಆರ್ಗನ್ ವಾದ್ಯಗಳ ಕಾರ್ಖಾನೆಯಲ್ಲಿ ಕಲಿತ ಗಾಳಿತಿದಿಗಳ ವಿದ್ಯೆಯಿಂದ 1929ರಲ್ಲಿ ನೆಲದ ಮೇಲೆ ಹಾರಾಟ ಕಲಿಸುವ ಯಂತ್ರವನ್ನು ಕಟ್ಟಿದ. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸುವ ಹೊಣೆ ಹೊತ್ತು, ಕೆಟ್ಟ ಹವೆಯಲ್ಲಿ ಹಲವು ಪೈಲಟ್‌ಗಳನ್ನು ಕಳೆದುಕೊಂಡಿತು. ಆಮೇಲೆ ಅದು ಲಿಂಕ್ ಯಂತ್ರಗಳನ್ನು ಕೊಂಡಿತು. ಸಿಮ್ಯುಲೇಟರ್ ಆಟಿಕೆಯಲ್ಲ, ಜೀವ ಉಳಿಸುವ ಉಪಕರಣ ಎಂಬ ಅರಿವು ಮೂಡಿದ್ದು ಹಾಗೆ.

1970ರ ದಶಕದಲ್ಲಿ ಎಫ್-16 ಯುದ್ಧವಿಮಾನ ಬಂದಾಗ ಪೈಲಟ್ಟನ ಕೈಗೂ ರೆಕ್ಕೆಯ ಫಲಕಗಳಿಗೂ ನಡುವೆ ಸರಳುಗಳಿರಲಿಲ್ಲ, ವಿದ್ಯುತ್ ಸಂಕೇತಗಳಿದ್ದವು. ಅದರ ನಿಯಂತ್ರಣ ದಂಡ ಮೊದಲು ಅಲುಗಾಡುತ್ತಲೇ ಇರಲಿಲ್ಲ. ಕೈಯ ಬಲವನ್ನು ಮಾತ್ರ ಅಳೆಯುತ್ತಿತ್ತು. ಪೈಲಟ್‌ಗಳಿಗೆ ಅದು ಒಗ್ಗಲಿಲ್ಲ. ಕೊನೆಗೆ ದಂಡಕ್ಕೆ ಕೆಲವೇ ಮಿಲಿಮೀಟರಿನಷ್ಟು ಚಲನೆ ಕೊಟ್ಟರು, ತಕರಾರು ತಗ್ಗಿತು. ಬಲವನ್ನು ಅಳೆಯಬೇಕು, ಆದರೆ ಅದರ ಜೊತೆ ತುಸು ಚಲನೆಯೂ ಇರಬೇಕು ಎಂಬ ಈ ಪಾಠ ನಮ್ಮ ವಿಷಯಕ್ಕೆ ಬಹಳ ಮುಖ್ಯ.

ಬೆಂಗಳೂರಿನಲ್ಲಿಯೂ ಈ ವಿದ್ಯೆ ಬೆಳೆದಿದೆ. 1959ರಲ್ಲಿ ಇಲ್ಲಿ ಸ್ಥಾಪನೆಯಾದ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ಹಗುರ ಯುದ್ಧವಿಮಾನಕ್ಕಾಗಿ ಸಿಮ್ಯುಲೇಟರ್‌ಗಳನ್ನು ರೂಪಿಸಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಆ ವಿಮಾನವನ್ನು ಮೊದಲ ಬಾರಿಗೆ ಹಾರಿಸುವ ಮುನ್ನ ಪರೀಕ್ಷಾ ಪೈಲಟ್‌ಗಳು ನೆಲದ ಮೇಲೆಯೇ ಅದನ್ನು ಹಾರಿಸಿ ಅಭ್ಯಾಸ ಮಾಡಿದ್ದರು. ಮುಂದೆ ತೇಜಸ್ ಎಂಬ ಹೆಸರು ಪಡೆದ ಈ ವಿಮಾನವೂ ವಿದ್ಯುತ್ ಸಂಕೇತಗಳಿಂದ ನಿಯಂತ್ರಿತವಾದುದು. ಇಂಥ ವಿಮಾನದಲ್ಲಿ ಪೈಲಟ್ಟನ ಕೈಗೆ ಸಿಗುವ ಪ್ರತಿರೋಧವನ್ನು ವಿನ್ಯಾಸಕಾರರೇ ತಯಾರಿಸಿ ಕೊಡಬೇಕಾಗುತ್ತದೆ.

ಪಾದದ ಇಂದ್ರಿಯ

ಮನುಷ್ಯ ಬಲವನ್ನು ಹೇಗೆ ಅರಿಯುತ್ತಾನೆ? ಜರ್ಮನಿಯ ಅರ್ನ್‌ಸ್ಟ್ ವೇಬರ್ 1834ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೈಯಲ್ಲಿ ಎತ್ತಿ ನೋಡಿದ ಎರಡು ತೂಕಗಳ ನಡುವೆ ಸುಮಾರು ನಾಲ್ವತ್ತರಲ್ಲಿ ಒಂದು ಪಾಲು ವ್ಯತ್ಯಾಸವಿದ್ದರೂ ಗುರುತಿಸಬಹುದೆಂದು ಕಂಡುಕೊಂಡ. ಮುಖ್ಯವಾದುದು ಅನುಪಾತ, ನೇರ ವ್ಯತ್ಯಾಸವಲ್ಲ ಎಂಬುದು ಅವನ ನಿಯಮ. ಆದರೆ ಬಹಳ ಚಿಕ್ಕ ಬಲಗಳಲ್ಲಿ ಈ ನಿಯಮ ನಿಲ್ಲುವುದಿಲ್ಲ. ಅಲ್ಲಿ ನಮ್ಮ ಅಂದಾಜು ಒರಟಾಗುತ್ತದೆ. ಸ್ನಾಯು ಮತ್ತು ಮೂಳೆಗಳನ್ನು ಜೋಡಿಸುವ ಸ್ನಾಯುರಜ್ಜುವಿನಲ್ಲಿ ಸೆಳೆತವನ್ನು ಗ್ರಹಿಸುವ ಅಂಗಗಳಿವೆ ಎಂದು ಇಟಲಿಯ ಕಮಿಲೊ ಗಾಲ್ಜಿ 1880ರ ವೇಳೆಗೆ ತೋರಿಸಿದ. ದೇಹ ತನ್ನ ಅಂಗಗಳ ನಿಲುವು ಮತ್ತು ಸೆಳೆತವನ್ನು ತಾನೇ ಅರಿಯುವ ಈ ಶಕ್ತಿಗೆ ಬ್ರಿಟನ್ನಿನ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಪ್ರೊಪ್ರಿಯೊಸೆಪ್ಷನ್ ಎಂದು ಹೆಸರಿಟ್ಟ. ಕನ್ನಡದಲ್ಲಿ ಸ್ವಾಂಗಪ್ರಜ್ಞೆ ಎನ್ನಬಹುದು.

ಪಾದಕ್ಕೆ ಎರಡು ನೆನಪುಗಳಿವೆ. ಮಂಡಿ ಮತ್ತು ಹಿಮ್ಮಡಿಯ ಗಂಟು ಎಷ್ಟು ಬಾಗಿತ್ತು ಎಂಬುದು ಒಂದು. ಎಷ್ಟು ಬಲ ಹಾಕಿದೆ ಎಂಬುದು ಇನ್ನೊಂದು. ಕುರ್ಚಿ ಒಂದೆರಡು ಸೆಂಟಿಮೀಟರ್ ಹಿಂದೆ ಸರಿದರೆ ಗಂಟುಗಳ ಕೋನವೆಲ್ಲ ಬದಲಾಗಿ ಮೊದಲನೆಯ ನೆನಪು ತಪ್ಪುದಾರಿ ಹಿಡಿಸುತ್ತದೆ. ಬಲದ ನೆನಪು ಇಷ್ಟು ಸುಲಭವಾಗಿ ಕೆಡುವುದಿಲ್ಲ.

ಆಟದ ಪೆಡಲಿನ ಚರಿತ್ರೆ

ಅಟಾರಿ ಸಂಸ್ಥೆ 1974ರಲ್ಲಿ ಹೊರತಂದ ಗ್ರ್ಯಾನ್ ಟ್ರ್ಯಾಕ್ 10 ಎಂಬ ನಾಣ್ಯ ಹಾಕಿ ಆಡುವ ಯಂತ್ರದಲ್ಲಿ ಸ್ಟಿಯರಿಂಗ್, ಗೇರು, ವೇಗವರ್ಧಕ ಮತ್ತು ಬ್ರೇಕ್ ಪೆಡಲುಗಳಿದ್ದವು. ಮನೆಯ ಕಂಪ್ಯೂಟರಿಗೆ ಬಂದಾಗ ಈ ಆಟಗಳನ್ನು ಕೀಲಿಮಣೆಯಿಂದ ಆಡುತ್ತಿದ್ದರು. ಕೀಲಿಗೆ ಎರಡೇ ಸ್ಥಿತಿ: ಬ್ರೇಕು ಇದೆ, ಇಲ್ಲವೇ ಇಲ್ಲ. ಆದರೆ ಆಟದೊಳಗಿನ ಭೌತವಿಜ್ಞಾನ ಬೇಗ ಪ್ರೌಢವಾಯಿತು. ಪ್ಯಾಪಿರಸ್ ಸಂಸ್ಥೆಯ 1989ರ ಇಂಡಿಯಾನಾಪೊಲಿಸ್ 500, 1998ರ ಗ್ರ್ಯಾನ್ ಪ್ರಿ ಲೆಜೆಂಡ್ಸ್ ಆಟಗಳಲ್ಲಿ ಟೈರು ಮತ್ತು ನೆಲದ ಹಿಡಿತವನ್ನು ಸಮೀಕರಣಗಳಿಂದ ಲೆಕ್ಕ ಹಾಕುವ ಪ್ರಯತ್ನವಿತ್ತು. ಲೆಕ್ಕ ಸೂಕ್ಷ್ಮವಾದಂತೆ ಅದಕ್ಕೆ ಉಣಿಸುವ ಅಳತೆಯೂ ಸೂಕ್ಷ್ಮವಾಗಬೇಕಾಯಿತು.

ಮೊದಲು ದೊರೆತ ಅಗ್ಗದ ಉಪಾಯವೆಂದರೆ ಪೊಟೆನ್ಶಿಯೊಮೀಟರ್. ರೇಡಿಯೊದ ಧ್ವನಿ ಏರಿಳಿಸುವ ಗುಂಡಿಯಲ್ಲಿರುವುದೂ ಇದೇ. ಪೆಡಲು ಸರಿದಂತೆ ರೋಧ ಬದಲಾಗುತ್ತದೆ, ಕಂಪ್ಯೂಟರು ಅದನ್ನು ಬ್ರೇಕಿನ ಪ್ರಮಾಣವೆಂದು ಓದುತ್ತದೆ. ಅಂದರೆ ಇಲ್ಲಿ ಅಳೆಯುವುದು ಸ್ಥಾನವನ್ನು. ಸ್ಪ್ರಿಂಗು ಇರುವುದರಿಂದ ಹುಕ್‌ನ ನಿಯಮದಂತೆ ಸ್ಥಾನಕ್ಕೂ ಬಲಕ್ಕೂ ಅನುಪಾತ ಇದೆಯಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಳ್ಳೆಯ ಪ್ರಶ್ನೆ. ತೊಡಕು ಪ್ರಮಾಣದಲ್ಲಿದೆ. ಮೃದುವಾದ ಸ್ಪ್ರಿಂಗು 5 ಸೆಂಟಿಮೀಟರ್ ಕುಗ್ಗಿ 100 ನ್ಯೂಟನ್ ಬಲ ಕೊಡುತ್ತದೆ ಎಂದುಕೊಳ್ಳಿ. ನೂರರಲ್ಲಿ ಹತ್ತು ಪಾಲು ಬ್ರೇಕೆಂದರೆ ಕೇವಲ 10 ನ್ಯೂಟನ್. ಕಾಲಿನ ಸ್ವಂತ ತೂಕದ ಏರುಪೇರಿನಲ್ಲೇ ಅದು ಮುಳುಗಿಹೋಗುತ್ತದೆ. ಆಗ ಪಾದ ಅನಿವಾರ್ಯವಾಗಿ ಸ್ಥಾನವನ್ನೇ ನೆಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಇಂಥ ಪೆಡಲಿನಲ್ಲಿ ಅಭ್ಯಾಸ ಮಾಡಿದವನು ದೂರದ ಅಂದಾಜನ್ನು ಕಲಿತಿರುತ್ತಾನೆ, ಬಲದ ಅಂದಾಜನ್ನಲ್ಲ.

ಇದಕ್ಕೆ ಉತ್ತರ ತೂಕದ ಯಂತ್ರಗಳಿಂದ ಬಂದಿತು. ತಾಮ್ರ ಮತ್ತು ಕಬ್ಬಿಣದ ತಂತಿಗಳನ್ನು ಎಳೆದಾಗ ಅವುಗಳ ರೋಧ ಹೆಚ್ಚುತ್ತದೆ ಎಂದು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದ ವಿಜ್ಞಾನಿ, 1856ರಲ್ಲಿ ವರದಿ ಮಾಡಿದ್ದ. ಎಂಬತ್ತು ವರ್ಷಗಳ ನಂತರ, 1938ರ ಹೊತ್ತಿಗೆ, ಅಮೆರಿಕದಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಗ್ ಪ್ರತ್ಯೇಕವಾಗಿ ಈ ಗುಣವನ್ನು ಬಳಸಿ ಲೋಹಕ್ಕೆ ಅಂಟಿಸುವ ವಿಕೃತಿಮಾಪಕವನ್ನು ರೂಪಿಸಿದರು. ಲೋಹದ ತುಂಡಿಗೆ ಇಂಥ ನಾಲ್ಕು ಮಾಪಕಗಳನ್ನು ಅಂಟಿಸಿ ವೀಟ್‌ಸ್ಟನ್ ಸೇತುವೆಯಾಗಿ ಜೋಡಿಸಿದರೆ ಅದೇ ಲೋಡ್ ಸೆಲ್. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸಾಮಾನ್ಯವಾಗಿ ಇರುವುದು ಇದೇ.

ಲೋಹ ಸಾವಿರದಲ್ಲಿ ಒಂದು ಪಾಲು ಹಿಗ್ಗಿದರೆ ಮಾಪಕದ ರೋಧ ಸಾವಿರದಲ್ಲಿ ಸುಮಾರು ಎರಡು ಪಾಲು ಬದಲಾಗುತ್ತದೆ. 350 ಓಮ್ ಇದ್ದದ್ದು 350.7 ಓಮ್ ಆಗುತ್ತದೆ, ಅಷ್ಟೆ. ಸೇತುವೆಗೆ 5 ವೋಲ್ಟ್ ಕೊಟ್ಟರೆ ಹೊರಬರುವುದು 10 ಮಿಲಿವೋಲ್ಟ್. ಇಷ್ಟು ಚಿಕ್ಕ ಸಂಕೇತವನ್ನು ವರ್ಧಿಸಿ ಅಂಕಿಗಳಾಗಿ ಮಾರ್ಪಡಿಸುವ ಚಿಪ್ಪುಗಳು ಅಗ್ಗವಾದ ಮೇಲೆ ಲೋಡ್ ಸೆಲ್ ಆಟದ ಪೆಡಲನ್ನು ಸೇರಿತು. ಪೆಡಲಿನ ಹಿಂದೆ ಗಟ್ಟಿ ರಬ್ಬರಿನ ತುಂಡು, ಅದರ ಹಿಂದೆ ಲೋಡ್ ಸೆಲ್. ತುಸು ಚಲನೆ, ಹೆಚ್ಚು ಬಲ. ಲಾರಿಯ ಪಾದ ಕವಾಟದ ರಬ್ಬರು, ಎಫ್-16ರ ದಂಡದ ಪಾಠ, ಅಂಗಡಿಯ ತಕ್ಕಡಿ ಮೂರೂ ಇಲ್ಲಿ ಒಂದಾಗಿವೆ.

ಬ್ರೇಕು ಹಾಕುವ ವಿದ್ಯೆ

ಪೆಡಲು ಬಲವನ್ನು ಅಳೆಯತೊಡಗಿದ ಮೇಲೆ ಅಭ್ಯಾಸಕ್ಕೂ ಅರ್ಥ ಬಂದಿತು. ರೇಸಿನ ಬ್ರೇಕಿನಲ್ಲಿ ಮೂರು ಘಟ್ಟಗಳಿವೆ.

ಮೊದಲನೆಯದು ಒತ್ತುವ ಘಟ್ಟ. ಬ್ರೇಕು ಬಿದ್ದೊಡನೆ ಕಾರಿನ ಭಾರ ಮುಂದಿನ ಚಕ್ರಗಳ ಕಡೆ ಸರಿಯುತ್ತದೆ. 1000 ಕಿಲೋಗ್ರಾಂ ಕಾರು, ಗುರುತ್ವ ಕೇಂದ್ರದ ಎತ್ತರ ಅರ್ಧ ಮೀಟರ್, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಎರಡೂವರೆ ಮೀಟರ್ ಎನ್ನಿ. ವೇಗ ಪ್ರತಿ ಸೆಕೆಂಡಿಗೆ 8 ಮೀ./ಸೆ.ನಂತೆ ಇಳಿಯುವಾಗ 1600 ನ್ಯೂಟನ್ ಭಾರ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಈ ಭಾರ ಸರಿಯಲು ಕ್ಷಣಕಾಲ ಬೇಕು. ಅದಕ್ಕೂ ಮೊದಲೇ ಪೂರ್ಣ ಬಲ ಹಾಕಿದರೆ ಇನ್ನೂ ಭಾರ ಬೀಳದ ಮುಂದಿನ ಚಕ್ರ ಕಚ್ಚಿ ನಿಲ್ಲುತ್ತದೆ. ಆದ್ದರಿಂದ ಸಾಮಾನ್ಯ ಕಾರಿನಲ್ಲಿ ಪೆಡಲನ್ನು ಒದೆಯಬಾರದು, ಬೇಗನೆ ಆದರೆ ಏರುತ್ತಾ ಹೋಗುವಂತೆ ಒತ್ತಬೇಕು. ಗಾಳಿಯ ಒತ್ತಿನಿಂದ ನೆಲಕ್ಕಂಟುವ ಫಾರ್ಮುಲಾ ಕಾರುಗಳ ರೀತಿ ಬೇರೆ. ಆ ಒತ್ತು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಹಿಡಿತ ಆರಂಭದಲ್ಲೇ ಅತಿ ಹೆಚ್ಚು. ಅಲ್ಲಿ ಮೊದಲ ಕ್ಷಣದಲ್ಲೇ ಗರಿಷ್ಠ ಬಲ ಹಾಕಿ, ವೇಗ ಇಳಿದಂತೆ ಬಿಡುತ್ತಾ ಬರಬೇಕು. ಫಾರ್ಮುಲಾ 1 ಚಾಲಕರು 100 ಕಿಲೋಗ್ರಾಂ ತೂಕಕ್ಕೆ ಸಮನಾದ ಅಥವಾ ಅದಕ್ಕೂ ಹೆಚ್ಚಿನ ಬಲವನ್ನು ಒಂದೇ ಕಾಲಿನಿಂದ ಹಾಕುತ್ತಾರೆ.

ಎರಡನೆಯದು ಹಿಡಿದಿಡುವ ಘಟ್ಟ. ಕಾರು ಸೆಕೆಂಡಿಗೆ 20 ಮೀಟರ್ ಸಾಗುತ್ತಿದ್ದು ಟೈರಿನ ಅಂಚು 18 ಮೀಟರ್ ವೇಗದಲ್ಲಿ ತಿರುಗುತ್ತಿದ್ದರೆ ಜಾರು ಪ್ರಮಾಣ ನೂರಕ್ಕೆ ಹತ್ತು. ಒಣ ರಸ್ತೆಯಲ್ಲಿ ಟೈರಿನ ಹಿಡಿತ ಶಿಖರ ಮುಟ್ಟುವುದು ಸಾಮಾನ್ಯವಾಗಿ ಇದರ ಆಸುಪಾಸಿನಲ್ಲಿ. ಅದನ್ನು ದಾಟಿ ಚಕ್ರ ನಿಂತೇಹೋದರೆ ಹಿಡಿತ ಕಡಿಮೆಯಾಗುತ್ತದೆ, ಸ್ಟಿಯರಿಂಗ್ ಕೆಲಸ ಮಾಡುವುದಿಲ್ಲ. ಶಿಖರದ ಅಂಚಿನಲ್ಲಿ ಪಾದವನ್ನು ಅಲುಗದೆ ನಿಲ್ಲಿಸುವುದೇ ಈ ಘಟ್ಟದ ಕೆಲಸ.

ಮೂರನೆಯದು ಬಿಡುವ ಘಟ್ಟ. ಕಲಿಯುವವರು ಬಹುಮಟ್ಟಿಗೆ ನಿರ್ಲಕ್ಷಿಸುವುದು ಇದನ್ನೇ. ಟೈರು ಒಟ್ಟು 5 ಮಾನ ಹಿಡಿತ ಕೊಡಬಲ್ಲದು ಎನ್ನಿ. ಬ್ರೇಕಿನ ದಿಕ್ಕು ಮತ್ತು ತಿರುವಿನ ದಿಕ್ಕು ಲಂಬವಾಗಿರುವುದರಿಂದ ಅವು ಪೈಥಾಗೊರಸ್ ನಿಯಮದಂತೆ ಕೂಡುತ್ತವೆ. ತಿರುವಿಗೆ 3 ಮಾನ ಬೇಕಾದಾಗ ಬ್ರೇಕಿಗೆ 4 ಉಳಿಯುತ್ತದೆ. ತಿರುವಿಗೆ 4 ಬೇಕಾದಾಗ ಬ್ರೇಕಿಗೆ 3. ತಿರುವಿಗೆ 5 ಬೇಕಾದರೆ ಬ್ರೇಕಿಗೆ ಸೊನ್ನೆ. ತಿರುವಿನ ಆರಂಭದಲ್ಲಿ, ಅದಕ್ಕೆ 1 ಮಾನ ಕೊಟ್ಟಾಗ, ಬ್ರೇಕಿಗೆ ಇನ್ನೂ 4.9 ಉಳಿದಿರುತ್ತದೆ. ಹೀಗೆ ಸ್ಟಿಯರಿಂಗ್ ತಿರುಗಿದಂತೆ ಪೆಡಲನ್ನು ಮೊದಲು ನಿಧಾನವಾಗಿ, ಕೊನೆಯಲ್ಲಿ ಬೇಗ ಬಿಡಬೇಕು. ಇದನ್ನು ಟ್ರೇಲ್ ಬ್ರೇಕಿಂಗ್ ಎನ್ನುತ್ತಾರೆ. ಶಾಲೆಯ 3-4-5 ತ್ರಿಕೋನವನ್ನು ಪಾದದಿಂದ ಬರೆಯುವ ಕೆಲಸ ಇದು.

ಅಭ್ಯಾಸದ ಕ್ರಮವೂ ಇದರಿಂದಲೇ ಹೊರಡುತ್ತದೆ. ಪೆಡಲು ಮತ್ತು ಕುರ್ಚಿ ಒಂದಕ್ಕೊಂದು ಸರಿಯದಂತೆ ಬಿಗಿದಿರಬೇಕು. ನ್ಯೂಟನ್ನನ ಮೂರನೆಯ ನಿಯಮದಂತೆ ಪಾದ ಒತ್ತಿದಷ್ಟೇ ಬಲ ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತದೆ. ತಂತ್ರಾಂಶದಲ್ಲಿ ಪೂರ್ಣ ಬ್ರೇಕಿನ ಮಟ್ಟವನ್ನು ಕಾಲಿನ ಗರಿಷ್ಠ ಬಲಕ್ಕೆ ಹೊಂದಿಸಬಾರದು, ಆಯಾಸವಿಲ್ಲದೆ ಪದೇ ಪದೇ ಹಾಕಬಲ್ಲ ಬಲಕ್ಕೆ ಹೊಂದಿಸಬೇಕು. ದಿನವೂ ಆ ಮಟ್ಟವನ್ನು ಬದಲಾಯಿಸಿದರೆ ಪಾದದ ನೆನಪು ನೆಲೆಗೊಳ್ಳದು. ಒಂದೇ ತಿರುವಿಗೆ ಹತ್ತು ಬಾರಿ ಬ್ರೇಕು ಹಾಕಿ, ಬಲ ಮತ್ತು ಕಾಲದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ವೇಗಕ್ಕಿಂತ ಮೊದಲು ಆ ಹತ್ತು ನಕ್ಷೆಗಳು ಒಂದೇ ಆಗಬೇಕು.

ಪರದೆ ಕಲಿಸುವುದು, ಕಲಿಸದಿರುವುದು

2009ರಿಂದ ಫಾರ್ಮುಲಾ 1ರಲ್ಲಿ ಋತುವಿನ ನಡುವಣ ಪರೀಕ್ಷಾ ಓಟಗಳಿಗೆ ಕಡಿವಾಣ ಬಿದ್ದ ಮೇಲೆ ತಂಡಗಳಿಗೆ ಸಿಮ್ಯುಲೇಟರ್ ಅನಿವಾರ್ಯವಾಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಓಟಗಳನ್ನು ನಿಲ್ಲಿಸಿದಾಗ ವೃತ್ತಿಪರ ಚಾಲಕರೂ ಮನೆಯ ಪರದೆಯ ಮುಂದೆ ಪಂದ್ಯವಾಡಿದರು. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ಓಟ ಗೆದ್ದದ್ದನ್ನು ಹಲವು ವಿದ್ಯಾರ್ಥಿಗಳು ಬಲ್ಲರು. ಅವರ ಪೀಳಿಗೆಯ ಚಾಲಕರಿಗೆ ಸಿಮ್ಯುಲೇಟರ್ ಪಠ್ಯಪುಸ್ತಕದಂತೆ.

ಇನ್ನೊಂದು ತಿರುವೂ ಇದೆ. ನಿಜವಾದ ಕಾರಿನ ಪೆಡಲೇ ಈಗ ಸಿಮ್ಯುಲೇಟರ್ ಆಗುತ್ತಿದೆ. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಬಂದ ರೇವಾ ವಿದ್ಯುತ್ ಕಾರಿನಲ್ಲಿ ಚಲನಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುವ ಬ್ರೇಕು ಇತ್ತು. ಮೋಟಾರಿನ ಬ್ರೇಕು ಮತ್ತು ಪ್ಯಾಡಿನ ಬ್ರೇಕು ಎರಡೂ ಸೇರಿ ಕೆಲಸ ಮಾಡುವಲ್ಲಿ ಪಾದಕ್ಕೆ ಒಂದೇ ಬಗೆಯ ಅನುಭವ ಕೊಡುವುದು ಕಷ್ಟ. 2003ರ ಟೊಯೊಟಾ ಪ್ರಿಯಸ್‌ನಲ್ಲಿ ಪೆಡಲಿನ ಸಾಮಾನ್ಯ ಪ್ರತಿರೋಧವನ್ನು ಸ್ಪ್ರಿಂಗುಳ್ಳ ಪ್ರತ್ಯೇಕ ಸಾಧನವೊಂದು ಕೃತಕವಾಗಿ ಕೊಡುತ್ತಿತ್ತು. 2014ರಿಂದ ಫಾರ್ಮುಲಾ 1 ಕಾರುಗಳ ಹಿಂದಿನ ಬ್ರೇಕೂ ವಿದ್ಯುತ್ ಸಂಕೇತದಿಂದ ನಿಯಂತ್ರಿತ. ಆಟದ ಪೆಡಲು ಕಾರನ್ನು ಅನುಕರಿಸಿತು. ಕಾರಿನ ಪೆಡಲು ಈಗ ತನ್ನ ಪೂರ್ವಜರನ್ನೇ ಅನುಕರಿಸುತ್ತಿದೆ.

ಹಾಗೆಂದು ಪರದೆಯ ಮುಂದೆ ಕಲಿತವನು ರಸ್ತೆಗೆ ಸಿದ್ಧನಾದ ಎಂದು ಭಾವಿಸುವುದು ಅಪಾಯ. ಕುರ್ಚಿಯಲ್ಲಿ ಕುಳಿತವನ ಒಳಕಿವಿಗೆ ವೇಗ ಇಳಿಯುವುದು ತಿಳಿಯುವುದಿಲ್ಲ. ಎದೆಗೆ ಬೆಲ್ಟು ಒತ್ತುವುದಿಲ್ಲ, ಎದುರಿಗೆ ಮಗು ಅಡ್ಡ ಬರುವುದಿಲ್ಲ, ತಪ್ಪಿದರೆ ಒಂದು ಗುಂಡಿ ಒತ್ತಿ ಮತ್ತೆ ಆರಂಭಿಸಬಹುದು. ಪಾದದ ಬಲದ ಹತೋಟಿ ಮಾತ್ರ ಪರದೆಯಿಂದ ರಸ್ತೆಗೆ ಬರುತ್ತದೆ. ಎಷ್ಟು ದೂರ ಉಳಿಸಿಕೊಳ್ಳಬೇಕು ಎಂಬ ವಿವೇಕ ಬರುವುದಿಲ್ಲ. ರೇಸಿನಲ್ಲಿ ಹಿಡಿತದ ಅಂಚನ್ನು ಮುಟ್ಟುವುದು ಜಾಣತನ. ರಸ್ತೆಯಲ್ಲಿ ಆ ಅಂಚಿನಿಂದ ದೂರ ಇರುವುದು ಜಾಣತನ.

ದೇವನಹಳ್ಳಿ-ಹೊಸಕೋಟೆ ರಸ್ತೆಯಲ್ಲಿ ಗಂಟೆಗೆ 72 ಕಿಲೋಮೀಟರ್ ವೇಗದ ಕಾರನ್ನು ಊಹಿಸಿ. ಘರ್ಷಣ ಗುಣಾಂಕ 0.7 ಇರುವ ಒಣ ರಸ್ತೆಯಲ್ಲಿ ಅತ್ಯುತ್ತಮ ಬ್ರೇಕಿಗೂ 29 ಮೀಟರ್ ಬೇಕು. ಚಾಲಕ ಎಚ್ಚೆತ್ತು ಪಾದ ಒತ್ತುವ ಒಂದು ಸೆಕೆಂಡಿನಲ್ಲಿ ಇನ್ನೂ 20 ಮೀಟರ್ ಹೋಗಿರುತ್ತದೆ. ಮಳೆಯಲ್ಲಿ ಗುಣಾಂಕ 0.4ಕ್ಕೆ ಇಳಿದರೆ ಬ್ರೇಕಿನ ದೂರವೇ 51 ಮೀಟರ್. ವೇಗ 90 ಕಿಲೋಮೀಟರ್ ಆದರೆ ಒಣ ರಸ್ತೆಯಲ್ಲೂ ಒಟ್ಟು 70 ಮೀಟರ್ ದಾಟುತ್ತದೆ. ಯಾವ ಪಾದವೂ ಈ ಲೆಕ್ಕವನ್ನು ಮೀರಲಾರದು. ಚಕ್ರ ಕಚ್ಚದಂತೆ ತಡೆಯುವ ಎಬಿಎಸ್ 1978ರಲ್ಲಿ ಬಾಷ್ ಸಂಸ್ಥೆಯಿಂದ ಮರ್ಸಿಡಿಸ್ ಕಾರಿಗೆ ಬಂದಿತು. ಭಾರತದಲ್ಲಿ 125 ಸಿಸಿ ಮೀರಿದ ಹೊಸ ಮಾದರಿಯ ದ್ವಿಚಕ್ರ ವಾಹನಗಳಿಗೆ 2018ರ ಏಪ್ರಿಲ್‌ನಿಂದ, ಎಲ್ಲ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯವಾಯಿತು. ಎಬಿಎಸ್ ಇರುವ ಕಾರಿನಲ್ಲಿ ಅಪಾಯ ಎದುರಾದಾಗ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಪಾದಕ್ಕೆ ನಡುಕ ಬಂದರೂ ಬಿಡಬಾರದು. ಆಟದ ಚಾಳಿಯಿಂದ ಅಲ್ಲಿ ಬಲ ಸಡಿಲಿಸಿದರೆ ನಿಲ್ಲುವ ದೂರ ಹೆಚ್ಚುತ್ತದೆ.

ತರಗತಿಗೊಂದು ಪ್ರಯೋಗ

ಇದನ್ನೆಲ್ಲ ಕಲಿಸಲು ದುಬಾರಿ ಪೆಡಲು ಬೇಕಿಲ್ಲ. ಮುಳ್ಳು ತಿರುಗುವ ಮಾದರಿಯ ವ್ಯಕ್ತಿತೂಕದ ಯಂತ್ರವೊಂದು ಸಾಕು. ಅದನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಎದುರು ಕುರ್ಚಿ ಹಾಕಿ ವಿದ್ಯಾರ್ಥಿಯನ್ನು ಕೂರಿಸಿ. ಮುಳ್ಳನ್ನು ನೋಡುತ್ತಾ 20 ಕಿಲೋಗ್ರಾಂ ತೋರುವಂತೆ ಒತ್ತಿ ಅಭ್ಯಾಸ ಮಾಡಲಿ. ಅನಂತರ ಕಣ್ಣು ಮುಚ್ಚಿ ಹತ್ತು ಬಾರಿ ಅದೇ ಬಲ ಹಾಕಲಿ. ಗೆಳೆಯನೊಬ್ಬ ಅಂಕಿಗಳನ್ನು ಬರೆದುಕೊಳ್ಳಲಿ. ಕುರ್ಚಿಯನ್ನು 5 ಸೆಂಟಿಮೀಟರ್ ಹಿಂದೆ ಸರಿಸಿ ಮತ್ತೆ ಹತ್ತು ಬಾರಿ. ಇನ್ನೊಂದು ಸರಣಿಯಲ್ಲಿ, ಕೀಲು ಹಾಕಿದ ಹಲಗೆಯನ್ನು ಮೃದು ಸ್ಪ್ರಿಂಗಿನ ಎದುರು ನಿಗದಿತ ಕೋನಕ್ಕೆ ತಳ್ಳುವ ಪ್ರಯೋಗವನ್ನು ಇದೇ ರೀತಿ ಮಾಡಿ. ಎರಡರಲ್ಲೂ ಸರಾಸರಿ ಮತ್ತು ಮಾನಕ ವಿಚಲನೆಯನ್ನು ಲೆಕ್ಕ ಹಾಕಿಸಿ, ನೂರರ ಪ್ರಮಾಣದಲ್ಲಿ ಹೋಲಿಸಿ. ಕುರ್ಚಿ ಸರಿದಾಗ ಯಾವುದು ಹೆಚ್ಚು ಕೆಟ್ಟಿತು ಎಂಬುದನ್ನು ವಿದ್ಯಾರ್ಥಿಗಳೇ ನೋಡಿ ಹೇಳಲಿ. ಅಳತೆ, ದೋಷ, ಘರ್ಷಣೆ, ಸನ್ನೆ, ಪಾಸ್ಕಲ್ ನಿಯಮ ಇವೆಲ್ಲ ಒಂದೇ ಮೇಜಿನ ಸುತ್ತ ಸೇರುತ್ತವೆ. ಆಟವಾಡುವ ಹುಡುಗ ಹುಡುಗಿಯರಿಗೆ ತಮ್ಮ ಪಾದ ಏನನ್ನು ಅಳೆಯುತ್ತಿದೆ ಎಂದು ತಿಳಿದರೆ, ನಾಳೆ ವಾಹನ ಏರಿದಾಗ ಅದು ಏನನ್ನು ಅಳೆಯಲಾರದು ಎಂಬುದೂ ಹೊಳೆಯಬಹುದು.